ಸುಮ್ಮನಾದಾಗಲೆಲ್ಲ ಬರುವ ಮನವಿ

ಮಾರ್ಚ್ ೪

ತಮ್ಮಾ,

ಫೋನ್ ಮಾಡಿದರೆ ಎತ್ತುವುದಿಲ್ಲ. ಎತ್ತಿದರೂ ಎರಡು ಮಾತಿಗೆ ಇಟ್ಟುಬಿಡುತ್ತೀಯ. ಇಮೇಲ್ ಕಳಿಸಿದರೆ 'ನೋಡ್ತೀನಿ' ಎಂದು ಒಂದು ಪದ. ಅದಕ್ಕೇ ಕಾಗದ ಪೆನ್ನು ಹಿಡಿದು ಕೂತಿದ್ದೇನೆ. ಕಾಗದವನ್ನಾದರೂ ಪೂರ್ತಿ ಓದುತ್ತೀಯ ಎಂದು ನಂಬಿದ್ದೇನೆ.

ನೇರ ವಿಷಯಕ್ಕೆ ಬರುತ್ತೇನೆ. ನಮ್ಮ 'ಸಾವಕಾಶ' ವೆಬ್‌ಸೈಟಿಗೆ ಇಷ್ಟು ವರ್ಷ ಹಣ ಕೊಡುತ್ತಿದ್ದ ಟ್ರಸ್ಟು ಈ ವರ್ಷದಿಂದ ಕೈ ಎತ್ತಿದೆ. ಕಾರಣ ಕೇಳಿದರೆ ನಯವಾಗಿ ನಕ್ಕು ಕಾಫಿ ಕುಡಿಸಿ ಕಳಿಸಿದರು. ಇನ್ನು ಸೈಟ್ ನಡೆಯಬೇಕಾದರೆ ಬಳಸುವವರೇ ದೇಣಿಗೆ ಕೊಡಬೇಕು. ಅವರು ಕೊಡಬೇಕಾದರೆ ನಾವು ಕೇಳಬೇಕು. ಕೇಳುವ ಮನವಿ ಅವರ ಕಣ್ಣಿಗೆ ಬೀಳಬೇಕು. ನೀನು ಅದನ್ನು ಎಲ್ಲಿಟ್ಟಿದ್ದೀಯ? ಪಾಠ ಪೂರ್ತಿ ಓದಿ ಮುಗಿಸಿದವರಿಗೆ ಮಾತ್ರ, ಅದೂ ವರ್ಷಕ್ಕೆ ಒಂದೇ ಸಲ, ಮೂಲೆಯಲ್ಲಿ, ಇರುವೆಯಂಥ ಅಕ್ಷರದಲ್ಲಿ! ಅತ್ತರೆ ತಾನೇ ತಾಯಿಯೂ ಹಾಲು ಕೊಡೋದು? ನೀನು ಅಳುವ ಮಗುವಿನ ಬಾಯಿಗೆ ಬಟ್ಟೆ ತುರುಕಿ ಕೂರಿಸಿದ್ದೀಯ.

ಇದು ನನ್ನ ಸ್ವಂತ ಅಂಗಡಿಯಲ್ಲ. ನನ್ನ ಕ್ಲಿನಿಕ್ಕಿಗೆ ಬರಲಾಗದ, ಬಂದರೂ ಫೀಸು ಕೊಡಲಾಗದ ಎಷ್ಟೋ ಉಗ್ಗುವವರು ಬಾಗಿಲು ಹಾಕಿಕೊಂಡು ಆ ಪರದೆಯ ಮುಂದೆ ಕೂತು, ನಿನ್ನ ದನಿಯ ಜೊತೆ ದನಿ ಸೇರಿಸಿ ಓದುತ್ತಾರೆ. ಪಾಠ ಬರೆದವಳು ನಾನು, ಸೈಟ್ ಕಟ್ಟಿದವನು ನೀನು, ಓದಿದ ದನಿಯೂ ನಿನ್ನದೇ. ಸರಿ, ಒಪ್ಪಿದೆ. ಆದರೆ ಸೈಟ್ ಮುಚ್ಚಿದರೆ ಆ ದನಿಯನ್ನು ಇಟ್ಟುಕೊಂಡು ಏನು ಮಾಡುತ್ತೀಯ?

ಬಂದವರಿಗೆಲ್ಲ, ಬಂದಾಗಲೆಲ್ಲ, ಪ್ರತಿ ಪುಟದಲ್ಲೂ ಮನವಿ ಕಾಣುವ ಹಾಗೆ ಮಾಡು. ಈ ವಾರದೊಳಗೆ ಆಗಬೇಕು.

ಅಮ್ಮ ಚೆನ್ನಾಗಿದ್ದಾಳೆ. ನಿನ್ನನ್ನು ಕೇಳಿದಳು.

ನಿನ್ನ ಅಕ್ಕ


ಮಾರ್ಚ್ ೧೭

ಅಕ್ಕಾ,

ಕಾಗದ ಪೂರ್ತಿ ಓದಿದೆ. ಆಗುವುದಿಲ್ಲ.

ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಕಾಗದದ ಮೇಲೆ ನನ್ನ ಮಾತಿನ ನಡುವೆ ಬಾಯಿ ಹಾಕುವವರು ಯಾರೂ ಇಲ್ಲ. ಅದಕ್ಕೆ ಇನ್ನೂ ಸ್ವಲ್ಪ ಬರೆಯುತ್ತೇನೆ.

ಉಗ್ಗನ ಮೈಕ್‌ಸೆಟ್ ಅಂಗಡಿ ಎಂದು ಪೇಟೆಯವರು ನನ್ನನ್ನು ಆಡಿಕೊಳ್ಳುತ್ತಾರೆ. ಸಭೆಗೆ ಮುಂಚೆ ಮೈಕ್ ಹಿಡಿದು 'ಒಂದು, ಎರಡು' ಎಂದು ಶುರು ಮಾಡಿ ನಾನು 'ಮೂರು' ಅನ್ನುವಷ್ಟರಲ್ಲಿ ಕುರ್ಚಿಗಳೆಲ್ಲ ತುಂಬಿ, ಸ್ವಾಗತ ಭಾಷಣದವರು ಎದ್ದು ನಿಂತಿರುತ್ತಾರಂತೆ. ನಗಲಿ ಬಿಡು, ನನಗೂ ನಗು ಬರುತ್ತದೆ. ನಗುವವರಿಂದ ನನಗೆ ತೊಂದರೆಯಾಗಿಲ್ಲ. ಸಹಾಯ ಮಾಡುವವರಿಂದ ಆಗಿದೆ. ಟಿಕೆಟ್ ಕೊಡುವವನು, ಕ್ಷೌರದವನು, ಬ್ಯಾಂಕಿನ ಕಿಟಕಿಯಾಚೆ ಕೂತವಳು, ಎಲ್ಲರೂ ನನ್ನ ವಾಕ್ಯದ ಬಾಲ ಹಿಡಿದು ಅವರೇ ಎಳೆದು ಮುಗಿಸುತ್ತಾರೆ. ಇಡೀ ದಿನದಲ್ಲಿ ಯಾರೂ ನಡುವೆ ಬರದ ಜಾಗ ಒಂದಾದರೂ ಇರಲಿ ಎಂದು ಆ ಸೈಟ್ ಕಟ್ಟಿದೆ. ಹೆಸರು ಸಾವಕಾಶ ಎಂದಿಟ್ಟೆವು. ಅಲ್ಲಿಯೂ ಓದುವವರ ಮುಖದ ಮುಂದೆ ಡಬ್ಬಿ ಅಲ್ಲಾಡಿಸಬೇಕೆ?

ಕೇಳುವುದು ತಪ್ಪಲ್ಲ. ಅವರ ಮಾತು ಮುಗಿಯುವ ಮುಂಚೆ ಕೇಳುವುದು ತಪ್ಪು.

ಒಂದು ನೆನಪಿದೆಯಾ ನೋಡು. ನಾನು ಮೂರನೇ ಕ್ಲಾಸು. ಬೂಟಿನ ಅಂಗಡಿಯವನು ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತು, "ಯಾವ ಕಲರ್ ಬೇಕಪ್ಪಾ ಮರಿ?" ಅಂದ. ನಾನು ಬಾಯಿ ತೆರೆದೆ. ಮಾತು ಇನ್ನೂ ಗಂಟಲಲ್ಲಿತ್ತು, ನೀನು "ಕಪ್ಪು ಕೊಡಿ" ಅಂದೆ. ಅವನು ಡಬ್ಬ ಕಟ್ಟಿದ. ಆಮೇಲೆ ಪ್ರತಿ ವರ್ಷ ಅಪ್ಪ ಅಂಗಡಿಗೆ ಹೋಗಿ, "ಅವನಿಗೆ ಕಪ್ಪೇ ಇಷ್ಟ" ಎಂದು ಕಪ್ಪೇ ತಂದರು. ಶಾಲೆ ಮುಗಿಯುವವರೆಗೆ ಅದನ್ನೇ ಹಾಕಿದೆ. ನನಗೆ ಬೇಕಾಗಿದ್ದ ಬಣ್ಣ ಯಾವುದೆಂದು ಇವತ್ತಿಗೂ ಯಾರೂ ಕೇಳಿಲ್ಲ.

ಮನವಿ ಇರುವಲ್ಲೇ ಇರುತ್ತದೆ. ಅಮ್ಮನಿಗೆ ಹೇಳು, ಆರಾಮಾಗಿದ್ದೇನೆ.

ನಿನ್ನ ತಮ್ಮ


ಏಪ್ರಿಲ್ ೨

ತಮ್ಮನಿಗೆ,

ಕಪ್ಪು ಬೂಟಿಗೆ ಏನಾಗಿತ್ತು? ಕೊಳೆ ಕಾಣುತ್ತಿರಲಿಲ್ಲ. ಸಂಸ್ಥೆ ಮುಳುಗುತ್ತಿರುವಾಗ ಮೂರನೇ ಕ್ಲಾಸಿನ ಬೂಟು ಹೊತ್ತು ತಂದಿದ್ದೀಯಲ್ಲ, ನಿನಗೇನು ಹೇಳಲಿ! ಅಂಗಡಿಯವನು ಗಡಿಯಾರ ನೋಡುತ್ತಿದ್ದ, ಹಿಂದೆ ಜನ ಗೊಣಗುತ್ತಿದ್ದರು, ನೀನು ಬೆವರುತ್ತಿದ್ದೆ. ನೋಡಲಾಗದೆ ಹೇಳಿದೆ. ಅದೇ ಸಂಕಟ ನನ್ನನ್ನು ಈ ಓದಿಗೆ, ಈ ಕೆಲಸಕ್ಕೆ ತಂದಿದ್ದು. ಇರಲಿ, ನಿನಗೆ ಉಪಕಾರ ನೆನಪಿರುವುದಿಲ್ಲ.

ಈಗ ಕೇಳು. ಪಾಠ ಶುರು ಮಾಡುವವರಲ್ಲಿ ಪೂರ್ತಿ ಮುಗಿಸುವವರು ಎಷ್ಟು ಜನ ಎಂದು ಯಾವತ್ತಾದರೂ ನೋಡಿದ್ದೀಯಾ? ನಾನು ನೋಡಿಸಿದೆ. ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಬರುತ್ತಾರೆ, ನಾಲ್ಕು ಸಾಲು ಓದುತ್ತಾರೆ, ಬಿಟ್ಟು ಹೋಗುತ್ತಾರೆ. ಹಾಗಾದರೆ ನಿನ್ನ ಮನವಿಯನ್ನು ನೋಡಿದವರು ಯಾರು? ನೀನೊಬ್ಬನೇ. ಯಾರೂ ಬಾರದ ಕೋಣೆಯಲ್ಲಿ ಡಬ್ಬಿ ಇಟ್ಟು, ನೋಡಿ ನಾನೆಷ್ಟು ಮರ್ಯಾದಸ್ಥ ಎಂದು ಬೀಗುತ್ತಿದ್ದೀಯ.

ಕೀಲಿ ನಿನ್ನ ಹತ್ತಿರ ಮಾತ್ರ ಇದೆ ಎಂದುಕೊಂಡಿದ್ದರೆ ಅದು ನಿನ್ನ ಭ್ರಮೆ. ಸೈಟ್ ಇರುವುದು ಸಂಸ್ಥೆಯ ಹೆಸರಲ್ಲಿ. ಹೊಸ ಇಂಜಿನಿಯರ್ ಒಬ್ಬರನ್ನು ಹಿಡಿದಿದ್ದೇನೆ. ಬಹಳ ಚುರುಕು. ಓದುವವರಿಗೆ ತೊಂದರೆಯಾಗಬಾರದು ಎಂದು ನಾನೇ ಕಟ್ಟುನಿಟ್ಟಾಗಿ ಹೇಳಿದೆ. ಅದಕ್ಕೆ ಅವರು ಒಂದು ಉಪಾಯ ಮಾಡಿದ್ದಾರೆ. ಓದುವವರ ದನಿಯನ್ನು ಸೈಟ್ ಮೈಕಿನಲ್ಲಿ ಕೇಳಿಸಿಕೊಳ್ಳುತ್ತದಲ್ಲ, ದನಿ ಬರುತ್ತಿರುವಷ್ಟು ಹೊತ್ತು ಮನವಿ ಬರುವುದಿಲ್ಲ. ದನಿ ನಿಂತು ಸ್ವಲ್ಪ ಹೊತ್ತಾದರೆ, ಅವರು ಬಿಡುವಾಗಿ ಕೂತಿದ್ದಾರೆ ಎಂದು ಲೆಕ್ಕ. ಆಗ ಪರದೆಯ ತುಂಬ ಮನವಿ ಬರುತ್ತದೆ. ಯಾರ ಮಾತನ್ನೂ ಕಡಿಯುವುದಿಲ್ಲ, ಸುಮ್ಮನಿದ್ದವರನ್ನು ಮಾತ್ರ ಕೇಳುತ್ತದೆ. ಇದಕ್ಕಿಂತ ನಯವಾಗಿ ಕೇಳುವುದು ಹೇಗೆ, ನೀನೇ ಹೇಳು.

ಸೋಮವಾರದಿಂದ ಜಾರಿ. ನಿನ್ನ ಅಪ್ಪಣೆ ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ.

ಅಕ್ಕ


ಮೇ ೬

ತಮ್ಮನಿಗೆ,

ಏನಪ್ಪಾ, ಮೌನವ್ರತವೋ? ಒಂದು ತಿಂಗಳಿಂದ ಪತ್ತೆಯಿಲ್ಲ.

ನೀನು ಕೇಳದಿದ್ದರೂ ಹೇಳುತ್ತೇನೆ, ದೇಣಿಗೆ ಬರುತ್ತಿದೆ. ಚೆನ್ನಾಗಿ ಬರುತ್ತಿದೆ. ಈ ತಿಂಗಳು ಕಚೇರಿಯ ಇಬ್ಬರಿಗೂ ಹೊತ್ತಿಗೆ ಸರಿಯಾಗಿ ಸಂಬಳವಾಯಿತು. ಅವರಲ್ಲೊಬ್ಬಳು ನನ್ನ ಕೈ ಹಿಡಿದುಕೊಂಡು ಕಣ್ಣಲ್ಲಿ ನೀರು ತಂದುಕೊಂಡಳು. ಸಂಕೋಚ ಒಂದು ಕಡೆ, ಸಂಸಾರ ಇನ್ನೊಂದು ಕಡೆ. ನಿನ್ನ ಮಾತು ಕೇಳಿದ್ದರೆ ಇಷ್ಟು ಹೊತ್ತಿಗೆ ಬೋರ್ಡು ಇಳಿಸಿ ಮನೆಗೆ ಹೋಗಿರುತ್ತಿದ್ದೆವು.

ಊಟಕ್ಕೆ ಕೂತಾಗ ಅಮ್ಮನಿಗೆ ಹೇಳಿದೆ. ಸಂತೋಷಪಡುತ್ತಾಳೆ ಅಂದುಕೊಂಡರೆ, "ಅವನು ಏನಂದ?" ಎಂದು ಕೇಳಿದಳು. "ಅವನೇನಂತಾನೆ, ಗೊತ್ತಿರೋದೇ" ಅಂದೆ. "ಗೊತ್ತಿರೋದೇ ಆದ್ರೂ ಅವನ ಬಾಯಿಂದ ಕೇಳೇ" ಅಂದಳು. ಮಗನೆಂದರೆ ಹಾಗೆ, ಬಿಡು.

ಸೋತೆ ಎಂದು ಒಪ್ಪಿಕೊಳ್ಳಲು ಒಂದು ಕಾರ್ಡ್ ಸಾಕು. ಅಂಚೆ ವೆಚ್ಚ ನಾನು ಕೊಡುತ್ತೇನೆ.

ಅಕ್ಕ


ಮೇ ೨೦

ಸನ್ಮಾನ್ಯ ನಿರ್ದೇಶಕರಿಗೆ,

ತಾವು ಮಾತಿನ ವೈದ್ಯರು. ಇಪ್ಪತ್ತು ವರ್ಷದಿಂದ ಉಗ್ಗುವವರ ಎದುರಿಗೆ ಕೂತು ಫೀಸು ಎಣಿಸುತ್ತಿದ್ದೀರಿ. ಉಗ್ಗುವವರು ಸುಮ್ಮನಾದಾಗ ಏನು ಮಾಡುತ್ತಿರುತ್ತಾರೆ ಎಂದು ತಮಗೆ ಹೇಳಬೇಕಾಗಿ ಬಂದಿದ್ದಕ್ಕೆ ನನಗೇ ನಾಚಿಕೆ.

ಬಿಡುವಾಗಿ ಕೂತಿರುವುದಿಲ್ಲ, ಅಕ್ಕಾ! ಮಾತು ಸಿಕ್ಕಿಕೊಂಡಿರುತ್ತದೆ. ದವಡೆ ಬಿಗಿದು, ಕತ್ತಿನ ನರ ಉಬ್ಬಿ, ಬೆರಳು ಮೇಜಿನ ಅಂಚು ಹಿಡಿದು, ಮೈಯೆಲ್ಲ ಒಂದೇ ಒಂದು ಪದವನ್ನು ಹೊರಗೆ ತಳ್ಳುತ್ತಿರುತ್ತದೆ. ಹೊರಗೆ ಸದ್ದಿಲ್ಲ ಅಷ್ಟೆ. ಇಡೀ ಪಾಠದಲ್ಲಿ ಅವರು ಅತ್ಯಂತ ಕಷ್ಟಪಡುವ ಗಳಿಗೆಯನ್ನು ಹುಡುಕಿ ಹುಡುಕಿ, ಸರಿಯಾಗಿ ಆಗಲೇ ಮುಖದ ಮೇಲೆ ಪರದೆ ಎಳೆದು 'ನಮಗೆ ನೆರವಾಗಿ' ಎನ್ನುವ ಯಂತ್ರ ಮಾಡಿಸಿದ್ದೀಯ. ಮಾತು ಬೆಳ್ಳಿ, ಮೌನ ಬಂಗಾರ ಅಂತಾರೆ. ನೀನು ಬಂಗಾರ ಕಂಡ ಕೂಡಲೇ ಡಬ್ಬಿ ಹಿಡಿದೆ.

ಸೈಟಿನ ಕೆಳಗೆ ಇನ್ನೂ ನನ್ನ ಅಂಗಡಿಯ ವಿಳಾಸವಿದೆ. ಅಲ್ಲಿಗೆ ಒಬ್ಬ ಹೆಣ್ಣುಮಗಳಿಂದ ಬಂದ ಪತ್ರವನ್ನು ನಕಲು ಮಾಡಿ ಕೆಳಗೆ ಹಾಕಿದ್ದೇನೆ. ಒಂದಕ್ಷರ ಬದಲಿಸಿಲ್ಲ.

'ಸರ್, ನಾನು ಕಣ್ಣಿನ ಆಸ್ಪತ್ರೇಲಿ ಹೆಸರು ಕೂಗೋ ಕೆಲಸ ಮಾಡ್ತೀನಿ. ಡಾಕ್ಟ್ರು ಬೆಲ್ ಹೊಡೆದಾಗ ಮುಂದಿನವರ ಹೆಸರು ಕೂಗಬೇಕು. ಕೆಲವು ಹೆಸರು ಹಿಡ್ಕೊಂಡ್ಬಿಡುತ್ತೆ. ಆಗ ಅವರನ್ನ ಬಿಟ್ಟು ಹೇಳೋಕೆ ಬರೋ ಹೆಸರು ಕೂಗ್ತೀನಿ. ಪಾಪ ಮೊದಲು ಬಂದೋರು ಕೊನೇಲಿ ಒಳಗೆ ಹೋಗ್ತಾರೆ. ಅವರೆಲ್ಲ ಕಂಪ್ಲೇಂಟ್ ಕೊಟ್ಟಿದಾರೆ. ಮಳೆಗಾಲ ಮುಗಿಯೋದ್ರೊಳಗೆ ಸರಿ ಹೋಗದಿದ್ರೆ ಬೇರೆಯವರನ್ನ ನೋಡ್ಕೋತೀವಿ ಅಂತ ಆಸ್ಪತ್ರೆಯವರು ಅಂದಿದಾರೆ. ಅದಕ್ಕೇ ನಿಮ್ಮ ಸೈಟಲ್ಲಿ ಓದ್ತೀನಿ. ಮೊದಲು ಚೆನ್ನಾಗಿತ್ತು. ಈಗ ಮಾತು ಹಿಡ್ಕೊಂಡಾಗೆಲ್ಲ ಪರದೆ ಮುಚ್ಚಿ ದುಡ್ಡು ಕೇಳುತ್ತೆ. ಒಂದು ಸಲ ಕೊಟ್ಟೆ, ಕೊಟ್ರೆ ಬರಲ್ಲ ಅಂದ್ಕೊಂಡು. ಮತ್ತೆ ಬಂತು. ಸುಮ್ಮನಾದ್ರೆ ದಂಡ ಹಾಕ್ತೀರಾ ಸರ್? ಈಗ ಹಿಡ್ಕೊಳ್ಳುತ್ತೆ ಅಂತ ಗೊತ್ತಾದ ಕೂಡ್ಲೇ ಕೆಮ್ಮಿಬಿಡ್ತೀನಿ. ಸದ್ದು ಕೇಳಿದ್ರೆ ಪರದೆ ಬರಲ್ಲ. ಅದೇ ಚಟ ಆಗಿ ಆಸ್ಪತ್ರೇಲೂ ಒಂದೊಂದು ಹೆಸರಿಗೂ ಕೆಮ್ತಾ ಇದೀನಿ. ಇದನ್ನ ಬಿಡಿಸೋಕೆ ಬೇರೆ ಪಾಠ ಇದೆಯಾ?'

ಬೇರೆ ಪಾಠ ಇದೆಯಾ, ನಿರ್ದೇಶಕರೇ? ದೇಣಿಗೆ ಚೆನ್ನಾಗಿ ಬರುತ್ತಿದೆ ಎಂದು ಬರೆದಿದ್ದೀಯ. ಬರದೆ ಏನು? ಎಷ್ಟು ಜನ ಆ ಪರದೆ ತೊಲಗಿದರೆ ಸಾಕು ಎಂದು ಕೊಟ್ಟರೋ ಲೆಕ್ಕ ಹಾಕಿಸು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ನಿನ್ನನ್ನು ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದೆ. ಈಗ ಊರಿಗೂ ಅದೇ ಆಗಿದ್ದೀಯ.

ಆ ಪಾಠಗಳಲ್ಲಿರುವ ದನಿ ನನ್ನದು. ಜೂನ್ ಮುಗಿಯುವುದರೊಳಗೆ ಈ ಮನವಿ ಹೋಗದಿದ್ದರೆ ನನ್ನ ದನಿಯನ್ನು ಸೈಟಿನಿಂದ ವಾಪಸ್ ತೆಗೆದುಕೊಳ್ಳುತ್ತೇನೆ. ಆಮೇಲೆ ನಿನ್ನ ಚುರುಕು ಇಂಜಿನಿಯರ್ ಕೈಲಿ ಓದಿಸಿಕೋ.

ಇಂತಿ,
ಮೈಕ್‌ಸೆಟ್ ಅಂಗಡಿಯವನು


ಜೂನ್ ೧

ಅಂಗಡಿಯವರಿಗೆ,

ಕೆಮ್ಮಿನ ಸಂಗತಿ ಓದಿದ ದಿನ ನನಗೂ ಊಟ ಸೇರಲಿಲ್ಲ. ಅಷ್ಟನ್ನು ಒಪ್ಪುತ್ತೇನೆ. ಇಂಜಿನಿಯರನ್ನು ಕರೆದು, ಇನ್ನೂ ಹೆಚ್ಚು ಹೊತ್ತು ಕಾದ ಮೇಲೆ ಮನವಿ ಬರುವ ಹಾಗೆ ಮಾಡಿಸಿದ್ದೇನೆ. ಆ ಹೆಣ್ಣುಮಗಳಿಗೂ ನಾನೇ ಕಾಗದ ಬರೆದಿದ್ದೇನೆ, ಕ್ಲಿನಿಕ್ಕಿಗೆ ಬಂದರೆ ಫೀಸಿಲ್ಲದೆ ನೋಡುತ್ತೇನೆ ಎಂದು. ಕೂತು ಫೀಸು ಎಣಿಸುವವಳಲ್ಲವೇ ನಾನು! ಆ ಮಾತನ್ನು ಮರೆಯುವುದಿಲ್ಲ. ನಿನ್ನ ಕಾಲೇಜು ಮುಗಿದದ್ದು, ಅಂಗಡಿಗೆ ಮೊದಲ ಸ್ಪೀಕರ್ ಬಂದದ್ದು ಅದೇ ಫೀಸಿನಲ್ಲಿ. ಬಾಯಿ ಬಿಡಿಸಿದೆ, ಅದಕ್ಕೇ ಹೇಳಿದೆ.

ಮನವಿಯನ್ನು ಪೂರ್ತಿ ತೆಗೆಯುವುದಿಲ್ಲ. ತೆಗೆದರೆ ವರ್ಷ ಮುಗಿಯುವ ಮುಂಚೆ ಸೈಟ್ ಮುಚ್ಚುತ್ತದೆ. ಆಗ ಆ ಹೆಸರು ಕೂಗುವವಳು ಎಲ್ಲಿಗೆ ಹೋಗುತ್ತಾಳೆ, ನಿನ್ನ ಅಂಗಡಿಗಾ?

ಇನ್ನು ದನಿಯ ವಿಷಯ. ದನಿ ನನ್ನದು, ನನ್ನದು ಎಂದು ಎದೆ ತಟ್ಟಿಕೊಳ್ಳುತ್ತೀಯಲ್ಲ, ನೀನು ಕಳಿಸಿದ ರೆಕಾರ್ಡಿಂಗ್ ಹೇಗಿತ್ತು ಗೊತ್ತಾ? ಸಾಲಿಗೊಂದು ತಡೆ. ಒಂದೊಂದು ಕಡೆ ನೀನು ಎದ್ದೇ ಹೋದೆಯೇನೋ ಅನ್ನುವಷ್ಟು ಉದ್ದ. ಹಾಗೇ ಹಾಕಿದ್ದರೆ ಸಂಸ್ಥೆ ನಗೆಪಾಟಲಾಗುತ್ತಿತ್ತು. ನಿನ್ನನ್ನು ಎಲ್ಲರೂ ಆಡಿಕೊಳ್ಳುತ್ತಿದ್ದರು. ವಾರಗಟ್ಟಲೆ ಹೆಡ್‌ಫೋನ್ ಹಾಕಿಕೊಂಡು ಕೂತು, ಒಂದೊಂದೇ ತಡೆಯನ್ನು ಕತ್ತರಿಸಿ ತೆಗೆದು, ನೀರು ಹರಿದ ಹಾಗೆ ಓದುವಂತೆ ಮಾಡಿದವಳು ನಾನು. ನೊಂದುಕೊಳ್ಳುತ್ತೀಯ ಎಂದು ಇಷ್ಟು ದಿನ ಹೇಳಿರಲಿಲ್ಲ. ನಿನ್ನ ದನಿಯನ್ನು ನೀನೇ ಕೇಳಲಾರೆ ಎನ್ನುವುದು ಮನೆಮಂದಿಗೆಲ್ಲ ಗೊತ್ತು, ಅದಕ್ಕೆ ನಿನಗೆ ತಿಳಿಯಲೂ ಇಲ್ಲ.

ಆ ದನಿ ಅರ್ಧ ನಿನ್ನದಾದರೆ ಅರ್ಧ ನನ್ನದು. ವಾಪಸ್ ತೆಗೆದುಕೊಳ್ಳುವಾಗ ನನ್ನ ಅರ್ಧ ಬಿಟ್ಟು ಹೋಗು. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಆಮೇಲೆ ಅತ್ತರೆ ಬರುವುದಿಲ್ಲ.

ಅಕ್ಕ


ಜೂನ್ ೧೪

ಅಕ್ಕಾ,

ನಿನ್ನ ಕಾಗದ ಬಂದ ದಿನ ಮಧ್ಯಾಹ್ನವೇ ಅಂಗಡಿಯ ಶಟರ್ ಎಳೆದು, ಸಭೆಗೆ ಕಟ್ಟುವ ದೊಡ್ಡ ಸ್ಪೀಕರಿಗೆ ಹಾಕಿ, ಸೈಟಿನಲ್ಲಿರುವ ನನ್ನ ದನಿಯನ್ನು ಮೊದಲ ಸಲ ಕೇಳಿದೆ.

ಚೆನ್ನಾಗಿ ಓದುತ್ತಾನೆ ಅವನು. ಎಲ್ಲೂ ನಿಲ್ಲುವುದಿಲ್ಲ. ಯಾರೋ ಏನೋ.

ಆಮೇಲೆ ಮೈಕ್ ಹಾಕಿಕೊಂಡು ಉಳಿದವರಂತೆ ನಾನೂ ಪಾಠಕ್ಕೆ ಕೂತೆ, ಅವನ ಜೊತೆ ದನಿ ಸೇರಿಸಿ ಓದಲು. ಎರಡನೇ ಸಾಲಿನಲ್ಲಿ ಮಾತು ಸಿಕ್ಕಿಕೊಂಡಿತು. ಅವನು ನಿಲ್ಲಲಿಲ್ಲ. ನಾನು ಬಿಡಿಸಿಕೊಂಡು ಬರುವಷ್ಟರಲ್ಲಿ ಮೂರನೇ ಸಾಲು ಮುಗಿಸಿದ್ದ. ಓಡಿ ಹಿಡಿಯಲು ನೋಡಿದೆ, ಇನ್ನೂ ಗಟ್ಟಿಯಾಗಿ ಸಿಕ್ಕಿಕೊಂಡೆ. ನನ್ನ ದನಿಯ ಜೊತೆ ನನಗೇ ಓದಲಾಗಲಿಲ್ಲ. ನಾಲ್ಕನೇ ಸಾಲಿಗೆ ಕಂಪ್ಯೂಟರ್ ಆರಿಸಿ ಎದ್ದುಬಿಟ್ಟೆ.

ನಾಲ್ಕು ಸಾಲು ಓದಿ ಬಿಟ್ಟು ಹೋಗುತ್ತಾರೆ ಎಂದು ನೀನೇ ಬರೆದಿದ್ದೆ. ಆ ಏಪ್ರಿಲ್ ಕಾಗದ ನನ್ನ ಹತ್ತಿರವೇ ಇದೆ.

ಆ ತಡೆಗಳನ್ನು ನಾನು ಬೇಕೆಂದೇ ಬಿಟ್ಟಿದ್ದೆ. ಮರೆತಲ್ಲ, ಸೋಮಾರಿತನದಿಂದಲೂ ಅಲ್ಲ. ರೆಕಾರ್ಡ್ ಮಾಡುವುದು ನನ್ನ ಹೊಟ್ಟೆಪಾಡು, ಕತ್ತರಿಸಲು ನನಗೆ ಬರುವುದಿಲ್ಲವಾ? ಓದಿಸುವವನೇ ನಿಂತರೆ, ಓದುವವರಿಗೂ ನಿಲ್ಲಬಹುದು ಎಂದು ತಿಳಿಯುತ್ತದೆ. ಅವನು ನಿಂತಾಗ ಹಿಂದೆ ಬಿದ್ದವರು ಬಂದು ಕೂಡಿಕೊಳ್ಳುತ್ತಾರೆ. ಇಬ್ಬರೂ ಮತ್ತೆ ಹೊರಡುತ್ತಾರೆ. ಇಡೀ ಸೈಟಿನಲ್ಲಿ ಇದ್ದ ಪಾಠ ಅದೊಂದೇ. ನೀನು ಅದನ್ನು ತೆಗೆದು ಕಸಕ್ಕೆ ಹಾಕಿದೆ. ಆದ್ದರಿಂದ ಯಾರೂ ಕೊನೆ ಮುಟ್ಟಲಿಲ್ಲ. ಯಾರೂ ಕೊನೆ ಮುಟ್ಟದ್ದರಿಂದ ಅಲ್ಲಿಟ್ಟ ಮನವಿಯನ್ನು ಯಾರೂ ನೋಡಲಿಲ್ಲ. ಅದಕ್ಕೆ ನೀನು ಮನವಿಯನ್ನು ಅವರ ಗಂಟಲಿಗೇ ತಂದು ಇಟ್ಟೆ. ಮಾಡಿದ್ದೆಲ್ಲ ನೀನೇ, ಬೈಸಿಕೊಂಡಿದ್ದು ನಾನು, ಕೆಮ್ಮಿದ್ದು ಇನ್ಯಾರೋ.

ಬೂಟಿನ ಅಂಗಡಿಯಲ್ಲಿ ನೀನು ಹನ್ನೆರಡು ವರ್ಷದವಳು, ತಿಳಿಯಲಿಲ್ಲ. ಈಗ ಏನು ಹೇಳುತ್ತೀಯ?

ಕೊನೆಯ ಮಾತು. ಜೊತೆಗಿರುವ ಪೆನ್ ಡ್ರೈವಿನಲ್ಲಿ ಮೂಲ ರೆಕಾರ್ಡಿಂಗ್ ಎಲ್ಲ ಇವೆ, ತಡೆಗಳ ಸಮೇತ. ಅವನ್ನು ವಾಪಸ್ ಹಾಕಬೇಕು. ಸುಮ್ಮನಾದಾಗ ಬರುವ ಮನವಿ ಹೋಗಬೇಕು. ನನ್ನ ಕಡೆಯಿಂದಲೂ ಒಂದು ಬಿಡುತ್ತೇನೆ: ವರ್ಷಕ್ಕೊಮ್ಮೆ ಎಂದು ಹಟ ಹಿಡಿಯುವುದಿಲ್ಲ. ಯಾರು ಎಷ್ಟು ಸಲ ಪಾಠ ಮುಗಿಸುತ್ತಾರೋ ಅಷ್ಟು ಸಲವೂ ಮನವಿ ಬರಲಿ, ದೊಡ್ಡದಾಗೇ ಬರಲಿ. ಆದರೆ ಮುಗಿಸಿದ ಮೇಲೆ. ಮನವಿಯನ್ನು ನನ್ನ ದನಿಯಲ್ಲೇ ಹೇಳಿದ್ದೇನೆ, ಅದೂ ಪೆನ್ ಡ್ರೈವಿನಲ್ಲಿದೆ. ಅದರಲ್ಲಿ ಒಂದು ಉಸಿರನ್ನೂ ಕತ್ತರಿಸಬೇಡ. ನೀನು ಅದನ್ನು ಕೇಳಬೇಕೆಂದೂ ಇಲ್ಲ, ಕೊನೆಯವರೆಗೆ ಕೇಳುವ ಪುರುಸೊತ್ತು ನಿನಗೆ ಯಾವತ್ತೂ ಇರಲಿಲ್ಲ.

ಇಲ್ಲದಿದ್ದರೆ ಜುಲೈ ಒಂದಕ್ಕೆ ನನ್ನ ದನಿ ಇರುವುದಿಲ್ಲ. ನಿನ್ನ ಅರ್ಧ ಅಲ್ಲೇ ಇರುತ್ತದೆ, ಹಾಕಿಕೊಂಡು ಕೇಳು.

ತಮ್ಮ


ಜೂನ್ ೨೮

ತಮ್ಮನಿಗೆ,

ಇಂಜಿನಿಯರ್ ಕೈಗೆ ಪೆನ್ ಡ್ರೈವ್ ಕೊಟ್ಟಿದ್ದೇನೆ. ನೀನು ಹೇಳಿದ ಹಾಗೇ ಹಾಕಿದ್ದಾರೆ. ನಾನು ಮುಟ್ಟಿಲ್ಲ, ಕೇಳಿಲ್ಲ.

ಇದನ್ನು ರಾಜಿ ಅಂದುಕೊಳ್ಳಬೇಡ. ವರ್ಷದ ಕೊನೆಯವರೆಗೆ ನೋಡುತ್ತೇನೆ. ಅಷ್ಟರಲ್ಲಿ ಪೆಟ್ಟಿಗೆ ಬರಿದಾದರೆ ಬೀಗ ಹಾಕಿ, ಕೀಲಿಯನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲಿ ನಿನಗೆ ಕಳಿಸುತ್ತೇನೆ. ಕಚೇರಿಯ ಇಬ್ಬರಿಗೂ ಏನು ಹೇಳಬೇಕೆಂದು ಆಗ ನೀನೇ ಬಂದು ಹೇಳು.



ಅಕ್ಕ


ಸೆಪ್ಟೆಂಬರ್ ೧೯

ಅಕ್ಕಾ,

ಏನೂ ತಿಳಿಸಿಲ್ಲ. ಸೈಟ್ ಇನ್ನೂ ತೆರೆಯುತ್ತಿದೆ, ಅಷ್ಟು ಗೊತ್ತು, ದಿನಾ ನೋಡುತ್ತೇನೆ. ಮೇ ತಿಂಗಳಲ್ಲಿ ಮೌನವ್ರತವೋ ಎಂದು ನನ್ನನ್ನು ಕೇಳಿದ್ದೆಯಲ್ಲ?

ಅಮ್ಮ ಫೋನ್ ಮಾಡಿದ್ದಳು. ನಾನು ಎರಡು ಪದ ಹೇಳುವಷ್ಟರಲ್ಲಿ ಹಿಂದಿನಿಂದ ನಿನ್ನ ದನಿ ಕೇಳಿಸಿತು, "ಚೆನ್ನಾಗಿದಾನಂತಾ? ಚೆನ್ನಾಗಿರ್ತಾನೆ ಬಿಡು" ಎಂದು. ಫೋನ್ ಇಟ್ಟೆ. ನಾನು ಹೇಳಲು ಹೊರಟಿದ್ದು ಅದನ್ನಲ್ಲ. ಆ ವಾರ ಜ್ವರ ಬಂದು ಮಲಗಿದ್ದೆ.

ತಮ್ಮ


ಡಿಸೆಂಬರ್ ೨೩

ತಮ್ಮನಿಗೆ,

ಬೀಗ ಹಾಕಿಲ್ಲ. ಮೊದಲು ಅದನ್ನು ಹೇಳಿಬಿಡುತ್ತೇನೆ.

ಗೆದ್ದೆ ಎಂದು ಹಿಗ್ಗಬೇಡ. ಸುಮ್ಮನಾದಾಗ ಕೇಳುತ್ತಿದ್ದ ಕಾಲದಲ್ಲಿ ಬಂದಷ್ಟು ಹಣ ಈಗ ಬರುತ್ತಿಲ್ಲ. ಕಚೇರಿಯ ಬಾಡಿಗೆ ಕಟ್ಟಲಾಗದೆ ಮೇಜು, ಬೀರು ಎಲ್ಲ ಹೊತ್ತು ತಂದು ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ತುರುಕಿದ್ದೇನೆ. ಇಬ್ಬರಲ್ಲಿ ಒಬ್ಬಳು ಬೇರೆ ಕೆಲಸ ನೋಡಿಕೊಂಡು ಹೋದಳು. ಕಣ್ಣಲ್ಲಿ ನೀರು ತಂದುಕೊಂಡಿದ್ದವಳೇ. ಹೋಗುವಾಗ ನನ್ನ ಮುಖ ನೋಡಲಿಲ್ಲ. ಇದರಲ್ಲಿ ನಿನ್ನ ಪಾಲೂ ಇದೆ, ನೆನಪಿರಲಿ.

ಆದರೆ ಪಾಠ ಮುಗಿಸುತ್ತಿದ್ದಾರೆ. ಬಹಳ ಜನ ಮುಗಿಸುತ್ತಿದ್ದಾರೆ. ಮುಗಿಸಿದವರು ಕೊಡುತ್ತಿದ್ದಾರೆ, ಚಿಕ್ಕ ಚಿಕ್ಕ ಮೊತ್ತ, ಆದರೆ ಕೊಟ್ಟವರೇ ಮತ್ತೆ ಬಂದು ಕೊಡುತ್ತಾರೆ. ಮುಂದಿನ ವರ್ಷ ಉಸಿರಾಡಿಕೊಂಡು ನಡೆಯುತ್ತದೆ. ಕಣ್ಣಿನ ಆಸ್ಪತ್ರೆಯವಳು ಹೋದ ವಾರ ಕ್ಲಿನಿಕ್ಕಿಗೆ ಬಂದಿದ್ದಳು. ಚಿಕಿತ್ಸೆಗಲ್ಲ, ಸುಮ್ಮನೆ ನೋಡಿಕೊಂಡು ಹೋಗಲು. ಕೆಮ್ಮು ಬಿಟ್ಟಿದೆ. ಉಗ್ಗು ಇದೆ. "ಯಾರನ್ನೂ ಬಿಟ್ಟು ಮುಂದೆ ಹೋಗಲ್ಲ ಮೇಡಂ ಈಗ. ಎಷ್ಟು ಹೊತ್ತಾದ್ರೂ ಅವರ ಹೆಸ್ರೇ ಕೂಗ್ತೀನಿ. ಕಾಯ್ತಾರೆ" ಅಂದಳು. ಕೆಲಸ ಉಳಿದಿದೆ.

ಅವಳು ಹೋದ ಮೇಲೆ ಹಿಂದಿನ ಕೋಣೆಯಲ್ಲಿ ಬೀರುವಿಗೂ ಗೋಡೆಗೂ ನಡುವೆ ಕುರ್ಚಿ ಹಾಕಿಕೊಂಡು, ಮೊದಲ ಪಾಠ ತೆರೆದು ಕೂತೆ. ನಿನ್ನ ಜೊತೆ ಓದಿದೆ. ಎಷ್ಟು ಕಷ್ಟವಾಯಿತೆಂದರೆ, ನೀನು ನಿಂತಾಗಲೆಲ್ಲ ನಾನು ಮುಂದಿನ ಪದ ಹೇಳಿ ಮುಗಿಸಿರುತ್ತಿದ್ದೆ. ನಿನಗಿಂತ ಮುಂದೆ ಹೋಗಿ, ತಿರುಗಿ ನೋಡಿ, ಮತ್ತೆ ನಿನ್ನ ಹತ್ತಿರ ಬರುತ್ತಿದ್ದೆ. ಉಗ್ಗುವವರಿಗೆ ಬಂದ ಪಾಠ ನನಗೆ ಬರಲಿಲ್ಲ. ಹೇಗೋ ಕೊನೆ ಮುಟ್ಟಿದೆ. ಆಗ ಪರದೆಯ ಮೇಲೆ ದೇಣಿಗೆಯ ಬಟನ್ ಬಂತು, ಜೊತೆಗೆ ನಿನ್ನ ಮನವಿ. ಇಷ್ಟು ತಿಂಗಳಲ್ಲಿ ಮೊದಲ ಸಲ ಕೇಳಿದ್ದು.

'ನೀವು ಕೊನೆಯವರೆಗೆ ಓದಿದಿರಿ. ಈ ಸೈಟ್ ನಡೆಯುವುದು ನಿಮ್ಮಂಥವರಿಂದ. ದಯವಿಟ್ಟು' ಎಂದೆ, ನಿಂತೆ. ಸದ್ದೇ ಇಲ್ಲದ ತಡೆ. ಉಸಿರೂ ಕೇಳುತ್ತಿರಲಿಲ್ಲ. ನಾನು ಒಬ್ಬಳೇ ಕೂತು ಗಟ್ಟಿಯಾಗಿ "ಕೊಡಿ" ಅಂದೆ. ಬಾಯಿ ತಾನಾಗಿ ಅಂದಿತು. ನೀನು ಇನ್ನೂ ನಿಂತೇ ಇದ್ದೆ. ಆಮೇಲೆ 'ಮತ್ತೆ ಬನ್ನಿ' ಅಂದೆ.

ಕೊಡಿ ಎಂದು ನೀನು ಎಲ್ಲೂ ಹೇಳಿಯೇ ಇಲ್ಲ.

ಇನ್ನೊಂದು ಸಲ ಹಾಕಿದೆ. ಏನು ಹೇಳುತ್ತೀಯ ಎಂದು ಗೊತ್ತಿದ್ದೂ ನನ್ನ ಬಾಯಿ ಮತ್ತೆ "ಕೊಡಿ" ಅಂದಿತು. ನನಗೆ ಅಳು ಬಂತು, ನಿನ್ನ ಮೇಲೆ ಸಿಟ್ಟೂ ಬಂತು. ಒಂದು ಸಲವಾದರೂ "ಅದಲ್ಲ ಅಕ್ಕಾ" ಎಂದು ನನ್ನ ಕೈ ಜಗ್ಗಬಾರದಿತ್ತೇನೋ? ಬೂಟಿನ ಅಂಗಡಿಯಲ್ಲಿ ತಲೆಯನ್ನಾದರೂ ಅಡ್ಡಡ್ಡ ಅಲ್ಲಾಡಿಸಬಾರದಿತ್ತಾ? ಎಲ್ಲದಕ್ಕೂ ಸುಮ್ಮನೆ ತಲೆ ಆಡಿಸಿ, ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು, ಈಗ ಮುಖದ ಮೇಲೆ ಎಸೆದೆ. ಆ ಸಿಟ್ಟು ಹಾಗೇ ಇದೆ, ಇರುತ್ತದೆ.

ನಿನಗೆ ಜ್ವರ ಬಂದಿದ್ದನ್ನು ಅಮ್ಮನಿಗೆ ನಾನೇ ಹೇಳಿದೆ. ಅವಳು ಒಂದು ದಿನ ನನ್ನ ಜೊತೆ ಮಾತು ಬಿಟ್ಟಳು.

ಆ ಬೂಟು ಯಾವ ಬಣ್ಣದ್ದು ಬೇಕಾಗಿತ್ತು? ಬರೆದು ತಿಳಿಸಬೇಡ, ಕಾಗದದಲ್ಲಿ ನೀನು ಬಲು ಜೋರು. ಭಾನುವಾರ ಬೆಳಿಗ್ಗೆ ಫೋನ್ ಮಾಡು. ನಾನೇ ಎತ್ತುತ್ತೇನೆ. ಹಲೋ ಎಂದೂ ಅನ್ನುವುದಿಲ್ಲ. ಎಷ್ಟು ಹೊತ್ತಾದರೂ ಈ ಕಡೆಯಿಂದ ಒಂದು ಸದ್ದೂ ಬರದಿದ್ದರೆ, ಲೈನ್ ಕಟ್ಟಾಗಿದೆ ಎಂದು ಇಟ್ಟುಬಿಡಬೇಡ. ಸುಮ್ಮನೆ ಕೂತಿರುವವಳು ನಾನೇ.

ಅಕ್ಕ